ಕಡಲ ದಂಡೆಯ ಅಂಕುಡೊಂಕನ್ನು ಅಳೆಯುವುದು ಹೇಗೆ: ಡಿವೈಡರ್, ಗ್ರಾಫ್ ಶೀಟ್ ಮತ್ತು ಫ್ರಾಕ್ಟಲ್ ಆಯಾಮ

ಕರ್ನಾಟಕದ ಕರಾವಳಿ ಎಷ್ಟು ಉದ್ದ? ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದವರು ಕೂಡಲೇ 320 ಕಿ.ಮೀ. ಎನ್ನುತ್ತಾರೆ. ಕೇಂದ್ರ ಸರ್ಕಾರದ ಹಳೆಯ ಪಟ್ಟಿಯಲ್ಲಿ ಅದು 280 ಕಿ.ಮೀ. ಇತ್ತು. ಹೊಸ ಪಟ್ಟಿಯಲ್ಲಿ 343.30 ಕಿ.ಮೀ. ಆಗಿದೆ. ಕಾರವಾರ ಇದ್ದಲ್ಲೇ ಇದೆ, ಉಳ್ಳಾಲವೂ ಇದ್ದಲ್ಲೇ ಇದೆ. ಹಾಗಿದ್ದರೆ ಹೆಚ್ಚಾದ 63 ಕಿ.ಮೀ. ಎಲ್ಲಿಂದ ಬಂತು?

ಬಹುಪಾಲು ಅಳತೆಗೋಲಿನಿಂದ. ಕೋಲು ಚಿಕ್ಕದಾದಂತೆ ದಂಡೆ ಉದ್ದವಾಗುತ್ತದೆ. ಎಷ್ಟು ಬೇಗ ಉದ್ದವಾಗುತ್ತದೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳಬಹುದು. ಅದಕ್ಕೇ ಫ್ರಾಕ್ಟಲ್ ಆಯಾಮ ಎನ್ನುತ್ತಾರೆ. ಹೈಸ್ಕೂಲಿನ ಕಂಪಾಸ್ ಬಾಕ್ಸ್ ಮತ್ತು ಒಂದು ಒಳ್ಳೆಯ ನಕ್ಷೆ ಇದ್ದರೆ ಆ ಸಂಖ್ಯೆಯನ್ನು ನೀವೇ ಕಂಡುಹಿಡಿಯಬಹುದು. ಲೆಕ್ಕ ಸುಲಭ. ಕಷ್ಟವಿರುವುದು ಅಳೆಯುವ ಮೊದಲು ಮಾಡಬೇಕಾದ ತೀರ್ಮಾನಗಳಲ್ಲಿ. ಹಾಗಾಗಿ ಅವುಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಉದ್ದ ಯಾಕೆ ಒಂದು ಕಡೆ ನಿಲ್ಲುವುದಿಲ್ಲ

ಗೋಕರ್ಣದ ಓಂ ಬೀಚ್ ನೆನಪಿಸಿಕೊಳ್ಳಿ. ದಂಡೆ ಎರಡು ಕಡೆ ಬಿಲ್ಲಿನ ಹಾಗೆ ಒಳಕ್ಕೆ ಬಾಗಿದೆ. ನಡುವೆ ಬಂಡೆಗಳು ಮೂಗಿನಂತೆ ಕಡಲಿಗೆ ಚಾಚಿವೆ. ಒಂದು ಕಿಲೋಮೀಟರ್ ಉದ್ದದ ಕೋಲು ಇಟ್ಟು ಅಳೆದರೆ ಆ ಬಾಗುಗಳು ಲೆಕ್ಕಕ್ಕೇ ಬರುವುದಿಲ್ಲ. ನೂರು ಮೀಟರಿನ ಕೋಲು ಹಿಡಿದರೆ ಎರಡೂ ಬಾಗು ಸಿಗುತ್ತವೆ. ಒಂದು ಮೀಟರಿನ ಕೋಲಾದರೆ ಬಂಡೆಗಳ ನಡುವಿನ ಸಂದಿಗಳೂ ಸೇರಿಕೊಳ್ಳುತ್ತವೆ. ಪ್ರತಿ ಸಲವೂ ಉದ್ದ ಏರುತ್ತದೆ.

ವೃತ್ತದಲ್ಲಿ ಹೀಗಾಗುವುದಿಲ್ಲ. ಕೋಲು ಚಿಕ್ಕದಾದಂತೆ ಸುತ್ತಳತೆ ಸ್ವಲ್ಪ ಏರಿ ಒಂದು ಕಡೆ ನಿಂತುಬಿಡುತ್ತದೆ. ದಂಡೆಯದು ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ. ದೊಡ್ಡ ಬಾಗಿನೊಳಗೆ ಚಿಕ್ಕ ಬಾಗು, ಅದರೊಳಗೆ ಇನ್ನೂ ಚಿಕ್ಕದು ಇರುತ್ತದಲ್ವಾ, ಅದಕ್ಕೆ.

ಇದನ್ನು ಮೊದಲು ಅಂಕಿಗಳಲ್ಲಿ ಹಿಡಿದವರು ಲೂಯಿಸ್ ಫ್ರೈ ರಿಚರ್ಡ್‌ಸನ್. ಅವರು ಇಂಗ್ಲಿಷ್ ಹವಾಮಾನ ವಿಜ್ಞಾನಿ, ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರು. ಎರಡು ದೇಶಗಳ ಗಡಿಯ ಉದ್ದಕ್ಕೂ ಅವುಗಳ ನಡುವಿನ ಯುದ್ಧಕ್ಕೂ ಸಂಬಂಧ ಇದೆಯೇ ಎಂದು ನೋಡಲು ಹೊರಟಿದ್ದರು. ಆಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಒಂದೇ ಗಡಿಗೆ ಸ್ಪೇನ್ 987 ಕಿ.ಮೀ. ಎನ್ನುತ್ತಿತ್ತು, ಪೋರ್ಚುಗಲ್ 1,214 ಕಿ.ಮೀ. ಎನ್ನುತ್ತಿತ್ತು. ರಿಚರ್ಡ್‌ಸನ್ 1953ರಲ್ಲಿ ತೀರಿಕೊಂಡರು. ಈ ಕೆಲಸ ಅಚ್ಚಾಗಿದ್ದು 1961ರಲ್ಲಿ. ಅದನ್ನು ಎತ್ತಿಕೊಂಡು ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಬ್ರಿಟನ್ನಿನ ದಂಡೆ ಎಷ್ಟು ಉದ್ದ ಎಂದು ಕೇಳುವ ಲೇಖನ ಬರೆದರು. ಬ್ರಿಟನ್ನಿನ ಪಶ್ಚಿಮ ದಂಡೆಗೆ 1.25, ನುಣುಪಾದ ದಕ್ಷಿಣ ಆಫ್ರಿಕಾದ ದಂಡೆಗೆ 1.02 ಎಂಬ ಆಯಾಮಗಳು ಅದರಲ್ಲಿವೆ. ಫ್ರಾಕ್ಟಲ್ ಎಂಬ ಪದವನ್ನು ಅವರು ಹುಟ್ಟುಹಾಕಿದ್ದು 1975ರಲ್ಲಿ.

ನೇರ ಗೆರೆಯ ಆಯಾಮ 1. ಹಾಳೆಯನ್ನೇ ತುಂಬಿಬಿಡುವ ಆಕಾರದ್ದು 2. ದಂಡೆಗಳೆಲ್ಲ ಇವೆರಡರ ನಡುವೆ ಬರುತ್ತವೆ.

ಮೊದಲು ತೀರ್ಮಾನ, ಆಮೇಲೆ ಡಿವೈಡರ್

ಉದಾಹರಣೆಗೆ ಉತ್ತರ ಕನ್ನಡದ ಒಂದು ತುಂಡನ್ನು ತೆಗೆದುಕೊಳ್ಳೋಣ. ಕಾರವಾರದ ಕಾಳಿ ಅಳಿವೆಯಿಂದ ಗಂಗಾವಳಿ ಅಳಿವೆಯವರೆಗೆ. ನೇರ ಗೆರೆಯಲ್ಲಿ ಮೂವತ್ತು ಚಿಲ್ಲರೆ ಕಿಲೋಮೀಟರ್. ಗುಡ್ಡಗಳು ಕಡಲಿಗೇ ಇಳಿಯುವ ಜಾಗ, ನಡುನಡುವೆ ಮರಳಿನ ಬಾಗುಗಳು. ಅಳೆಯಲು ಚೆನ್ನಾಗಿದೆ.

ಒಂದು ಹಾಳೆ ತೆಗೆದುಕೊಂಡು ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

ಎಲ್ಲಿಂದ ಶುರು, ಎಲ್ಲಿ ಕೊನೆ? ಎರಡು ಚುಕ್ಕೆ ಗುರುತಿಸಿ. ಆಮೇಲೆ ಅವುಗಳನ್ನು ಅಲುಗಾಡಿಸಬೇಡಿ.

ಅಳಿವೆ ಬಂದಾಗ ಏನು ಮಾಡುತ್ತೀರಿ? ಇದು ಎಲ್ಲಕ್ಕಿಂತ ಮುಖ್ಯ. ದಂಡೆಯನ್ನೇ ಹಿಡಿದು ಹೋದರೆ ನದಿಯೊಳಗೆ ಹೋಗುತ್ತೀರಿ, ಒಳಗೆ ಕಾಂಡ್ಲಾ ಗಿಡಗಳ ನಡುವಿನ ಕವಲುಗಳಿಗೂ ಹೋಗುತ್ತೀರಿ. ಎಲ್ಲಿ ಕಡಲು ಮುಗಿದು ನದಿ ಶುರುವಾಯಿತು? ಒಂದು ನಿಯಮ ಬೇಕು. ಹೆದ್ದಾರಿಯ ಸೇತುವೆ ಇದ್ದಲ್ಲಿ ಅಡ್ಡ ಗೆರೆ ಎಳೆಯುತ್ತೇನೆ ಎನ್ನಬಹುದು. ಅಥವಾ ಅಳಿವೆಯ ಬಾಯಿಯಲ್ಲೇ ಎರಡು ತುದಿ ಸೇರಿಸುತ್ತೇನೆ ಎನ್ನಬಹುದು. ಯಾವುದಾದರೂ ಸರಿ, ಎಲ್ಲ ಅಳಿವೆಗೂ ಅದೇ ಇರಲಿ.

ನಾನು ಮೊದಲ ಸಲ ಅಳೆದಾಗ ಈ ನಿಯಮ ಮಾಡಿಕೊಂಡಿರಲಿಲ್ಲ. ದೊಡ್ಡ ಹೆಜ್ಜೆ ಇಟ್ಟಾಗ ಡಿವೈಡರ್ ಅಳಿವೆಯನ್ನು ಹಾರಿ ಆಚೆ ದಡಕ್ಕೆ ಹೋಯಿತು. ಚಿಕ್ಕ ಹೆಜ್ಜೆ ಇಟ್ಟಾಗ ಒಳಗೆ ಇಳಿಯಿತು. ಎಲ್ಲಿ ತಿರುಗಿ ಬರಬೇಕು ಅಂತ ಗೊತ್ತಾಗದೆ ಪ್ರತಿ ಸಲವೂ ಬೇರೆ ಬೇರೆ ಕಡೆ ತಿರುಗಿದೆ. ಗ್ರಾಫಿನಲ್ಲಿ ಗೆರೆ ನಡುವೆ ಮುರಿದಿತ್ತು. ಎರಡು ಸಂಜೆಯ ಕೆಲಸ ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ದ್ವೀಪಗಳು ಬೇಕೇ? ಕಾರವಾರದ ಎದುರಿಗೆ ಕೂರ್ಮಗಡ ಇದೆ, ಅಂಜದೀವ್ ಇದೆ. ಡಿವೈಡರ್ ವಿಧಾನದಲ್ಲಿ ಅವುಗಳನ್ನು ಬಿಡುವುದೇ ಸರಿ. ಬಂದರಿನ ಅಲೆತಡೆ ಗೋಡೆಗಳನ್ನೂ ಬಿಡಿ, ಅವು ಮನುಷ್ಯರು ಕಟ್ಟಿದ ನೇರ ಗೆರೆಗಳು. ನಿಮ್ಮ ನಕ್ಷೆಯಲ್ಲಿ ದಂಡೆ ಎಂದರೆ ಉಬ್ಬರದ ಗೆರೆಯೋ ಇಳಿತದ ಗೆರೆಯೋ ಅಂತ ನೋಡಿ ಬರೆದಿಡಿ.

ನಕ್ಷೆ

ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಗಳು ಇದಕ್ಕೆ ಸಾಕು. ಅದರಲ್ಲಿ 1 ಸೆಂ.ಮೀ. ಎಂದರೆ ನೆಲದ ಮೇಲೆ 500 ಮೀಟರ್. ನಮ್ಮ ತುಂಡಿಗೆ ಒಂದಕ್ಕಿಂತ ಹೆಚ್ಚು ಹಾಳೆ ಜೋಡಿಸಬೇಕಾಗುತ್ತದೆ. ಜೋಡಿಸಿದ ಕಡೆ ದಂಡೆಯ ಗೆರೆ ಸರಿಯಾಗಿ ಕೂಡಿದೆಯೇ ನೋಡಿ. ನಂತರ ದಂಡೆಯನ್ನು ಮಾತ್ರ ಟ್ರೇಸಿಂಗ್ ಪೇಪರಿಗೆ ಇಳಿಸಿಕೊಳ್ಳಿ. ಪೆನ್ಸಿಲ್ ಚೂಪಾಗಿರಲಿ. ಬಾಗುಗಳನ್ನು ನುಣುಪು ಮಾಡಬೇಡಿ. ಚಿಕ್ಕ ತಿರುವು ಬಂದಾಗ ಕೈ ತಾನಾಗಿ ಅದನ್ನು ಹಾರಿಸಲು ನೋಡುತ್ತದೆ, ಅಲ್ಲೇ ಆಯಾಮ ಸೋರಿ ಹೋಗುವುದು.

ಶಾಲೆಯ ಅಟ್ಲಾಸ್ ಬೇಡ. ಅದರಲ್ಲಿ ದಂಡೆಯನ್ನು ನಕ್ಷೆ ಬರೆದವರೇ ಆಗಲೇ ನುಣುಪು ಮಾಡಿರುತ್ತಾರೆ.

ಡಿವೈಡರ್ ನಡಿಗೆ

ಹೆಜ್ಜೆಯ ಅಳತೆಗಳನ್ನು ಇಮ್ಮಡಿಸುತ್ತಾ ಹೋಗಿ: 4, 8, 16, 32, 64 ಮಿ.ಮೀ. ನೆಲದ ಮೇಲೆ ಇವು 200 ಮೀಟರಿನಿಂದ 3.2 ಕಿ.ಮೀ. ತನಕ ಆಗುತ್ತವೆ. ನಾಲ್ಕು ಮಿ.ಮೀ.ಗಿಂತ ಕಡಿಮೆ ಇಟ್ಟರೆ ಕೈಯ ತಪ್ಪೇ ಜಾಸ್ತಿಯಾಗುತ್ತದೆ. 64ಕ್ಕಿಂತ ದೊಡ್ಡದಿಟ್ಟರೆ ಇಡೀ ದಂಡೆಗೆ ಹತ್ತು ಹೆಜ್ಜೆಯೂ ಸಿಗದೆ ಎಣಿಕೆಗೆ ಅರ್ಥ ಉಳಿಯುವುದಿಲ್ಲ.

ಡಿವೈಡರನ್ನು ಸ್ಕೇಲಿನ ಮೇಲಿಟ್ಟು 4 ಮಿ.ಮೀ.ಗೆ ತೆರೆಯಿರಿ, ತಿರುಪು ಬಿಗಿ ಮಾಡಿ. ಒಂದು ಮೊನೆಯನ್ನು ಶುರುವಿನ ಚುಕ್ಕೆಯ ಮೇಲೆ ಊರಿ. ಇನ್ನೊಂದು ಮೊನೆಯನ್ನು ಮೆಲ್ಲಗೆ ತಿರುಗಿಸುತ್ತಾ ಅದು ದಂಡೆಯ ಗೆರೆಯನ್ನು ಎಲ್ಲಿ ಮುಟ್ಟುತ್ತದೆ ನೋಡಿ. ಅಲ್ಲಿ ಊರಿ. ಈಗ ಹಿಂದಿನ ಮೊನೆ ಎತ್ತಿ ಮುಂದಕ್ಕೆ ತಿರುಗಿಸಿ. ಒಂದು ಹೆಜ್ಜೆ ಆಯಿತು.

ಕಿರಿದಾದ ಕೊಲ್ಲಿಯ ಹತ್ತಿರ ಒಂದು ತೊಡಕು ಬರುತ್ತದೆ. ತಿರುಗಿಸಿದ ಮೊನೆ ದಂಡೆಯನ್ನು ಒಂದೇ ಕಡೆ ಮುಟ್ಟುವುದಿಲ್ಲ. ಈಚೆ ದಡದಲ್ಲಿ ಒಂದು ಸಲ, ಆಚೆ ದಡದಲ್ಲಿ ಇನ್ನೊಂದು ಸಲ ಮುಟ್ಟುತ್ತದೆ. ಆಗ ದಂಡೆಯ ಗುಂಟ ನಡೆಯುತ್ತಾ ಹೋದರೆ ಮೊದಲು ಸಿಗುವ ಚುಕ್ಕೆಯನ್ನೇ ತೆಗೆದುಕೊಳ್ಳಿ. ಆಚೆ ದಡಕ್ಕೆ ಹಾರುವುದು ಸುಲಭ, ಆದರೆ ಹಾರಬೇಡಿ.

ಪ್ರತಿ ಹತ್ತು ಹೆಜ್ಜೆಗೆ ಹಾಳೆಯಂಚಿನಲ್ಲಿ ಒಂದು ಗೀಟು ಹಾಕಿ. ಇಪ್ಪತ್ತು ಹೆಜ್ಜೆಗೊಮ್ಮೆ ಡಿವೈಡರನ್ನು ಮತ್ತೆ ಸ್ಕೇಲಿನ ಮೇಲಿಟ್ಟು ನೋಡಿ. ಹಳೆಯ ಡಿವೈಡರುಗಳ ತಿರುಪು ಸಡಿಲ. ಬೆರಳಿನ ಒತ್ತಡಕ್ಕೆ 4 ಮಿ.ಮೀ. ಇದ್ದದ್ದು ಗೊತ್ತಾಗದಂತೆ ನಾಲ್ಕೂವರೆ ಆಗಿರುತ್ತದೆ. ಚಿಕ್ಕ ಹೆಜ್ಜೆಯಲ್ಲಿ ಅರ್ಧ ಮಿ.ಮೀ. ದೊಡ್ಡ ತಪ್ಪು.

ಕೊನೆಗೆ ಪೂರ್ತಿ ಹೆಜ್ಜೆ ಆಗದೆ ಸ್ವಲ್ಪ ಉಳಿಯುತ್ತದೆ. ಅದನ್ನು ಸ್ಕೇಲಿನಲ್ಲಿ ಅಳೆದು ದಶಾಂಶವಾಗಿ ಸೇರಿಸಿ. 64 ಮಿ.ಮೀ. ಹೆಜ್ಜೆಯಲ್ಲಿ 16 ಮಿ.ಮೀ. ಉಳಿದರೆ 0.25 ಹೆಜ್ಜೆ. ಇಡೀ ನಡಿಗೆಯನ್ನು ಇನ್ನೊಂದು ತುದಿಯಿಂದಲೂ ಮಾಡಿ, ಎರಡರ ಸರಾಸರಿ ತೆಗೆಯಿರಿ. ದೊಡ್ಡ ಹೆಜ್ಜೆಗಳಲ್ಲಿ ಎರಡು ಕಡೆಯ ಎಣಿಕೆಗೆ ಎಷ್ಟು ವ್ಯತ್ಯಾಸ ಬರುತ್ತದೆ ಎಂದು ನೋಡಿದರೆ ಸರಾಸರಿ ಯಾಕೆ ಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ಲಾಗ್ ತೆಗೆದು ಗೆರೆ ಎಳೆಯುವುದು

ಈಗ ಲೆಕ್ಕ. ಗ್ರೇಟ್ ಬ್ರಿಟನ್ನಿನ ದಂಡೆಗೆ ಸಾಮಾನ್ಯವಾಗಿ ಕೊಡುವ ಅಂಕಿಗಳನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ, ಹೆಜ್ಜೆ ಮೂರೇ ಇರುವುದರಿಂದ ಕೈಯಲ್ಲೇ ಮಾಡಬಹುದು.

200 ಕಿ.ಮೀ. ಹೆಜ್ಜೆ: 12 ಹೆಜ್ಜೆ, ಉದ್ದ 2,400 ಕಿ.ಮೀ.
100 ಕಿ.ಮೀ. ಹೆಜ್ಜೆ: 28 ಹೆಜ್ಜೆ, ಉದ್ದ 2,800 ಕಿ.ಮೀ.
50 ಕಿ.ಮೀ. ಹೆಜ್ಜೆ: 68 ಹೆಜ್ಜೆ, ಉದ್ದ 3,400 ಕಿ.ಮೀ.

ದಂಡೆ ನುಣುಪಾಗಿದ್ದಿದ್ದರೆ ಹೆಜ್ಜೆ ಅರ್ಧ ಆದಾಗ ಸಂಖ್ಯೆ ಎರಡರಷ್ಟು ಆಗಬೇಕಿತ್ತು. ಇಲ್ಲಿ ಎರಡರಷ್ಟಕ್ಕಿಂತ ಜಾಸ್ತಿ ಆಗುತ್ತಿದೆ. ಆ ಜಾಸ್ತಿಯೇ ನಮಗೆ ಬೇಕಾದದ್ದು.

ಸೂತ್ರ ಇಷ್ಟೇ: ಆಯಾಮ = ಲಾಗ್ (ಹೆಜ್ಜೆ ಸಂಖ್ಯೆಗಳ ಅನುಪಾತ) ÷ ಲಾಗ್ (ಹೆಜ್ಜೆ ಅಳತೆಗಳ ಅನುಪಾತ).

68 ÷ 12 = 5.667, ಅದರ ಲಾಗ್ 0.7533. 200 ÷ 50 = 4, ಅದರ ಲಾಗ್ 0.6021. ಭಾಗಿಸಿದರೆ 1.25. ಮ್ಯಾಂಡೆಲ್‌ಬ್ರಾಟ್ ಪಶ್ಚಿಮ ದಂಡೆಗೆ ಕೊಟ್ಟ ಅಂಕಿಯೂ ಇದೇ. ಆದರೆ ಬೇರೆ ಬೇರೆಯಾಗಿ ನೋಡಿ. 200ರಿಂದ 100ಕ್ಕೆ ಬಂದಾಗ 1.22, 100ರಿಂದ 50ಕ್ಕೆ ಬಂದಾಗ 1.28. ಹನ್ನೆರಡೇ ಹೆಜ್ಜೆ ಇರುವಾಗ ಇಷ್ಟು ಅಲುಗಾಟ ಇದ್ದೇ ಇರುತ್ತದೆ.

ನಿಮ್ಮ ಐದು ಅಳತೆಗಳಿಗೆ ಗ್ರಾಫ್ ಹಾಕಿ. ಅಡ್ಡ ಅಕ್ಷದಲ್ಲಿ ಹೆಜ್ಜೆ ಅಳತೆಯ ಲಾಗ್, ಲಂಬ ಅಕ್ಷದಲ್ಲಿ ಹೆಜ್ಜೆ ಸಂಖ್ಯೆಯ ಲಾಗ್. ಚುಕ್ಕೆಗಳು ಎಡದಿಂದ ಬಲಕ್ಕೆ ಇಳಿಯುತ್ತಾ ಹೋಗುತ್ತವೆ. ಅವುಗಳ ನಡುವೆ ನೇರ ಗೆರೆ ಎಳೆಯಿರಿ. ಅದರ ಇಳಿಜಾರು ಋಣ ಸಂಖ್ಯೆಯಾಗಿರುತ್ತದೆ, ಚಿಹ್ನೆ ಬಿಟ್ಟು ಓದಿದರೆ ಅದೇ ಆಯಾಮ. ಎಕ್ಸೆಲ್ ಇದ್ದರೆ ಸ್ಲೋಪ್ ಫಂಕ್ಷನ್ ಸಾಕು. ಕೆಲವರು ಲಂಬ ಅಕ್ಷದಲ್ಲಿ ಒಟ್ಟು ಉದ್ದದ ಲಾಗ್ ಹಾಕುತ್ತಾರೆ. ಆಗ ಸಿಗುವ ಇಳಿಜಾರು 1ರಿಂದ ಆಯಾಮವನ್ನು ಕಳೆದಷ್ಟು. ಇವೆರಡನ್ನು ಬೆರೆಸಿಬಿಟ್ಟರೆ ಉತ್ತರ 0.25 ಅಂತ ಬಂದು ತಲೆ ಕೆಡುತ್ತದೆ.

ಕೈ ಪಳಗಿಸಲು ಒಂದು ಪರೀಕ್ಷೆ

ಉತ್ತರ ಗೊತ್ತಿರುವ ಆಕಾರವನ್ನು ಮೊದಲು ಅಳೆದು ನೋಡಿ. ಸ್ವೀಡನ್ನಿನ ಹೆಲ್ಗೆ ಫಾನ್ ಕಾಕ್ 1904ರಲ್ಲಿ ಕೊಟ್ಟ ವಕ್ರರೇಖೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎ4 ಹಾಳೆಯ ಉದ್ದಕ್ಕೆ 27 ಸೆಂ.ಮೀ. ಗೆರೆ ಎಳೆಯಿರಿ. ನಡುವಿನ ಮೂರನೇ ಒಂದು ಭಾಗ ಅಳಿಸಿ, ಅಲ್ಲಿ 9 ಸೆಂ.ಮೀ. ಬದಿಗಳ ಸಮಬಾಹು ತ್ರಿಕೋನದ ಎರಡು ಬದಿ ಎಬ್ಬಿಸಿ. ಈಗ 9 ಸೆಂ.ಮೀ.ನ ನಾಲ್ಕು ತುಂಡು. ಪ್ರತಿ ತುಂಡಿಗೂ ಅದನ್ನೇ ಮಾಡಿದರೆ 3 ಸೆಂ.ಮೀ.ನ 16 ತುಂಡು. ಇನ್ನೊಮ್ಮೆ ಮಾಡಿದರೆ 1 ಸೆಂ.ಮೀ.ನ 64 ತುಂಡು.

ಡಿವೈಡರಿನಲ್ಲಿ 9, 3, 1 ಸೆಂ.ಮೀ. ಹೆಜ್ಜೆ ಇಟ್ಟು ಎಣಿಸಿ. 4, 16, 64 ಬರಬೇಕು. ಆಯಾಮ ಲಾಗ್ 4 ÷ ಲಾಗ್ 3, ಅಂದರೆ 1.26. ಬ್ರಿಟನ್ನಿನ ದಂಡೆಗೆ ಎಷ್ಟು ಹತ್ತಿರ ನೋಡಿ! ನಿಮಗೆ 1.26ರ ಆಸುಪಾಸು ಬಾರದಿದ್ದರೆ ಕೈಯನ್ನು ಸರಿಮಾಡಿಕೊಳ್ಳಿ, ದಂಡೆಗೆ ಆಮೇಲೆ ಬನ್ನಿ.

ಚೌಕ ಎಣಿಸುವ ವಿಧಾನ

ದ್ವೀಪಗಳು, ಕುದ್ರುಗಳು (ನದಿಯ ನಡುವಿನ ನಡುಗಡ್ಡೆಗಳು), ಕವಲುಗಳು ಎಲ್ಲವೂ ಸೇರಬೇಕು ಅಂತಿದ್ದರೆ ಡಿವೈಡರ್ ಆಗುವುದಿಲ್ಲ. ಆಗ ಚೌಕ ಎಣಿಸಬೇಕು. ಟ್ರೇಸಿಂಗ್ ಪೇಪರನ್ನು ಗ್ರಾಫ್ ಶೀಟಿನ ಮೇಲಿಟ್ಟು ಕ್ಲಿಪ್ ಹಾಕಿ. ದಂಡೆ ಹಾದುಹೋಗುವ 2 ಸೆಂ.ಮೀ. ಚೌಕಗಳನ್ನು ಎಣಿಸಿ. ಗೆರೆ ಮೂಲೆಯನ್ನು ಮುಟ್ಟಿದರೂ ಒಂದೇ, ಒಳಗೆ ಮೂರು ಸುತ್ತು ಹಾಕಿದರೂ ಒಂದೇ. ಅದೇ ರೀತಿ 1 ಸೆಂ.ಮೀ., 5 ಮಿ.ಮೀ., 2 ಮಿ.ಮೀ. ಚೌಕಗಳು. ಎಣಿಸಿದ ಚೌಕಕ್ಕೆ ಪೆನ್ಸಿಲಿನ ಚುಕ್ಕೆ ಇಡಿ, ಇಲ್ಲದಿದ್ದರೆ 2 ಮಿ.ಮೀ. ಹಂತದಲ್ಲಿ ದಾರಿ ತಪ್ಪುವುದು ಖಂಡಿತ.

ಹಾಳೆಯನ್ನು ಸ್ವಲ್ಪ ಸರಿಸಿದರೆ ಎಣಿಕೆ ಬದಲಾಗುತ್ತದೆ. ನಾಲ್ಕೈದು ಸಲ ಸರಿಸಿ ಎಣಿಸಿ, ಅತಿ ಕಡಿಮೆ ಬಂದದ್ದನ್ನು ಇಟ್ಟುಕೊಳ್ಳಿ. ಮುಂದಿನ ಲೆಕ್ಕ ಡಿವೈಡರಿನದ್ದೇ. ಹೆಜ್ಜೆಯ ಜಾಗದಲ್ಲಿ ಚೌಕದ ಬದಿ, ಅಷ್ಟೇ ವ್ಯತ್ಯಾಸ.

ಕಂಪ್ಯೂಟರಿನಲ್ಲಿ ಮಾಡುವುದಾದರೆ ಇಮೇಜ್‌ಜೆ ಎಂಬ ಉಚಿತ ತಂತ್ರಾಂಶ ಸಾಕು. ದಂಡೆಯ ಚಿತ್ರವನ್ನು ಮೊದಲು ಕಪ್ಪು ಬಿಳುಪು ಮಾಡಿ. ಅಂಚಿನ ಗೆರೆ ಮಾತ್ರ ಉಳಿಯಲಿ. ನಂತರ ಅನಲೈಸ್ ಮೆನುವಿನ ಟೂಲ್ಸ್ ಒಳಗೆ ಫ್ರಾಕ್ಟಲ್ ಬಾಕ್ಸ್ ಕೌಂಟ್ ಒತ್ತಿ. ಎಣಿಕೆ, ಗ್ರಾಫ್, ಆಯಾಮ ಮೂರೂ ಬರುತ್ತವೆ. ಒತ್ತುವ ಮೊದಲು ಚಿತ್ರವನ್ನು ದೊಡ್ಡದು ಮಾಡಿ ಒಮ್ಮೆ ಪೂರ್ತಿ ನೋಡಿ. ನಾನು ಒಂದು ಸಲ ಹೀಗೆ ನೋಡದೆ ಒತ್ತಿದೆ, ಉತ್ತರ ನಂಬಲಾಗದಷ್ಟು ದೊಡ್ಡದಾಗಿ ಬಂತು. ಊರಿನ ಹೆಸರುಗಳ ಅಕ್ಷರಗಳು, ಅಕ್ಷಾಂಶದ ಗೆರೆಗಳು, ನಕ್ಷೆಯ ಚೌಕಟ್ಟು ಎಲ್ಲವೂ ದಂಡೆಯ ಜೊತೆ ಎಣಿಕೆಗೆ ಸೇರಿದ್ದವು.

ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ದಂಡೆಯ ಗೆರೆ ಇಳಿಸಿಕೊಂಡರೆ ಈ ಕಿರಿಕಿರಿ ಇಲ್ಲ. ಆದರೆ ಅದು ಅಕ್ಷಾಂಶ ರೇಖಾಂಶದ ಡಿಗ್ರಿಗಳಲ್ಲಿ ಇರುತ್ತದೆ. ನಮ್ಮ ಕರಾವಳಿಯಲ್ಲಿ ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿ.ಮೀ., ಒಂದು ಡಿಗ್ರಿ ರೇಖಾಂಶ ಸುಮಾರು 108 ಕಿ.ಮೀ. ಇಲ್ಲಿ ವ್ಯತ್ಯಾಸ ಸಣ್ಣದು, ಬ್ರಿಟನ್ ಅಥವಾ ನಾರ್ವೆಯಲ್ಲಿ ತುಂಬ ದೊಡ್ಡದು. ನಕ್ಷೆಗಳ ಉಚಿತ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಅದನ್ನು ಮೀಟರ್ ಲೆಕ್ಕಕ್ಕೆ ಬದಲಿಸಿಕೊಳ್ಳಿ. ಕರ್ನಾಟಕದ ದಂಡೆಗೆ ಯುಟಿಎಂ ಎಂಬ, ಮೀಟರಿನಲ್ಲಿ ಅಳೆಯುವ ನಕ್ಷಾ ಪದ್ಧತಿಯ 43 ಉತ್ತರ ವಲಯ ಸರಿಹೊಂದುತ್ತದೆ.

ಬಂದ ಅಂಕಿಯನ್ನು ನಂಬಬಹುದೇ

ಲಾಗ್ ಗ್ರಾಫಿನಲ್ಲಿ ಯಾವ ಅಂಕಿಗಳೂ ನೇರ ಗೆರೆಯ ಹಾಗೇ ಕಾಣುತ್ತವೆ. ಚುಕ್ಕೆಗಳು ಗೆರೆಗೆ ಎಷ್ಟು ಹೊಂದುತ್ತವೆ ಎಂದು ಎಕ್ಸೆಲ್ ಕೊಡುವ ಅಂಕಿ, ಅಂದರೆ ಆರ್ ಸ್ಕ್ವೇರ್, 0.99 ಬಂದರೆ ಖುಷಿಪಡಬೇಡಿ, ಅದು ಸುಮ್ನೆ ಬರುತ್ತದೆ. ಅದರ ಬದಲು ಬ್ರಿಟನ್ನಿಗೆ ಮಾಡಿದ ಹಾಗೆ ಪಕ್ಕಪಕ್ಕದ ಎರಡು ಚುಕ್ಕೆಗಳ ನಡುವಿನ ಇಳಿಜಾರನ್ನು ಬೇರೆ ಬೇರೆ ತೆಗೆಯಿರಿ. ಅವು ಒಂದೇ ಅಂಕಿಯ ಸುತ್ತ ಆಚೀಚೆ ಆಗುತ್ತಿದ್ದರೆ ಒಳ್ಳೆಯದು. ಒಂದೇ ದಿಕ್ಕಿಗೆ ಏರುತ್ತಾ ಅಥವಾ ಇಳಿಯುತ್ತಾ ಹೋಗುತ್ತಿದ್ದರೆ ಆ ದಂಡೆಗೆ ಒಂದೇ ಆಯಾಮ ಇಲ್ಲ ಎಂದರ್ಥ.

ಚಿಕ್ಕ ಹೆಜ್ಜೆಗಳ ತುದಿಯಲ್ಲಿ ಇಳಿಜಾರು 1ಕ್ಕೆ ಬಂದರೆ ನಕ್ಷೆಯ ವಿವರ ಅಲ್ಲಿಗೆ ಮುಗಿದಿದೆ. ನೀವು ಅಳೆಯುತ್ತಿರುವುದು ದಂಡೆಯನ್ನಲ್ಲ, ನಕ್ಷೆ ಬರೆದವರ ಪೆನ್ನಿನ ಗೆರೆಯನ್ನು. ಆ ಚುಕ್ಕೆಗಳನ್ನು ಬಿಡಿ. ಉತ್ತರ 1ಕ್ಕಿಂತ ಕಡಿಮೆ ಅಥವಾ 2ಕ್ಕಿಂತ ಜಾಸ್ತಿ ಬಂದರೆ ಎಣಿಕೆಯಲ್ಲೇ ತಪ್ಪಿದೆ. ಅತಿ ಚಿಕ್ಕ ಹೆಜ್ಜೆಗೂ ಅತಿ ದೊಡ್ಡ ಹೆಜ್ಜೆಗೂ ಕನಿಷ್ಠ ಹತ್ತರಷ್ಟು ಅಂತರ ಇರಬೇಕು. ನಮ್ಮ 4ರಿಂದ 64ರಲ್ಲಿ ಹದಿನಾರರಷ್ಟಿದೆ.

ಫಲಿತಾಂಶ ಬರೆಯುವಾಗ ಬರೀ ಆಯಾಮ ಬರೆಯಬೇಡಿ. ಯಾವ ನಕ್ಷೆ, ಯಾವ ವಿಧಾನ, ಯಾವ ಹೆಜ್ಜೆಯಿಂದ ಯಾವ ಹೆಜ್ಜೆಯ ತನಕ, ಅಳಿವೆಯ ನಿಯಮ ಏನು, ಎಲ್ಲವೂ ಜೊತೆಗಿರಲಿ. ದಶಾಂಶದ ನಂತರ ಎರಡು ಅಂಕಿ ಸಾಕು.

ಇದೇ ಉಪಾಯ ಮೋಡದ ಅಂಚಿಗೂ, ಕೆರೆಯ ದಡಕ್ಕೂ, ಬಂಡೆಯ ಮೇಲಿನ ಕಲ್ಲುಹೂವಿನ ಅಂಚಿಗೂ ನಡೆಯುತ್ತದೆ. ಮೋಡಗಳಿಗೆ 1982ರಲ್ಲಿ ಶಾನ್ ಲವ್‌ಜಾಯ್ ಸುತ್ತಳತೆ ಮತ್ತು ವಿಸ್ತೀರ್ಣ ಹೋಲಿಸಿ ಸುಮಾರು 1.35 ಎಂದು ಕಂಡುಕೊಂಡರು.

ಮತ್ತೆ ಆ 63 ಕಿಲೋಮೀಟರ್

ಈಗ ಶುರುವಿನ ಪ್ರಶ್ನೆಗೆ ಬರೋಣ. ಭಾರತದ ಕರಾವಳಿಯ ಹಳೆಯ ಉದ್ದ 7,516.6 ಕಿ.ಮೀ. ಅದನ್ನು ತೆಗೆದಿದ್ದು 1:45,00,000 ಅಳತೆಯ ನಕ್ಷೆಯಿಂದ. ಹೊಸ ಉದ್ದ 11,098.81 ಕಿ.ಮೀ. ಬಂದದ್ದು 1:2,50,000 ಅಳತೆಯ ನೌಕಾಯಾನ ನಕ್ಷೆಗಳಿಂದ. ಅಂದರೆ ನಕ್ಷೆ 18 ಪಟ್ಟು ಸೂಕ್ಷ್ಮ. ನಕ್ಷೆಯಲ್ಲಿ ಕಾಣುವ ಅತಿ ಚಿಕ್ಕ ಬಾಗೂ ಅಷ್ಟೇ ಪಟ್ಟು ಚಿಕ್ಕದಾಯಿತು ಎಂದು ಇಟ್ಟುಕೊಂಡರೆ ನಮ್ಮ ಸೂತ್ರ ಇಲ್ಲೂ ನಡೆಯುತ್ತದೆ. ಆಯಾಮ = 1 + ಲಾಗ್ (ಹೊಸ ಉದ್ದ ÷ ಹಳೆ ಉದ್ದ) ÷ ಲಾಗ್ 18.

ಇಡೀ ದೇಶಕ್ಕೆ 1.13 ಬರುತ್ತದೆ. ಕರ್ನಾಟಕಕ್ಕೆ 1.07. ಕೇರಳದ್ದು 569.70ರಿಂದ 600.15ಕ್ಕೆ ಮಾತ್ರ ಏರಿದೆ, ಅದಕ್ಕೆ 1.02. ಕಚ್ಛ್ ಮತ್ತು ಖಂಭಾತ್ ಕೊಲ್ಲಿಗಳಿರುವ ಗುಜರಾತಿಗೆ 1,214.70ರಿಂದ 2,340.62, ಆಯಾಮ 1.23. ಸುಂದರಬನದ ಕವಲುಗಳಿರುವ ಪಶ್ಚಿಮ ಬಂಗಾಳದ್ದು 157.50ರಿಂದ 721.02ಕ್ಕೆ ಹಾರಿದೆ, ಆಯಾಮ 1.53. ಗುಡ್ಡಗಳ ನಡುವೆ ಒಳನುಗ್ಗುವ ಕಿರಿದಾದ ಕಡಲ ತೋಳುಗಳಾದ ಫ್ಯೋರ್ಡ್‌ಗಳ ನಾರ್ವೆಗೆ ಭೌತವಿಜ್ಞಾನಿ ಯೆನ್ಸ್ ಫೆಡರ್ ಚೌಕ ಎಣಿಸಿ ಕಂಡುಕೊಂಡದ್ದು 1.52. ನಕ್ಷೆ ನೋಡಿದ ಕಣ್ಣಿಗೆ ಈ ಸಾಲು ಸರಿಯಾಗಿಯೇ ಕಾಣುತ್ತದೆ. ಕೇರಳದ ನೇರ ಮರಳು ದಂಡೆ ಒಂದು ತುದಿ, ಸುಂದರಬನ ಇನ್ನೊಂದು ತುದಿ.

ಆದರೂ ಇದನ್ನು ಅಳತೆ ಎನ್ನಲಾರೆ. ಇಲ್ಲಿರುವುದು ಎರಡೇ ಚುಕ್ಕೆ, ಎರಡು ಚುಕ್ಕೆಯ ನಡುವೆ ಯಾವಾಗಲೂ ನೇರ ಗೆರೆ ಎಳೆಯಬಹುದು. ನಕ್ಷೆಯ ಜೊತೆಗೆ ಅಳೆಯುವ ನಿಯಮಗಳೂ ಬದಲಾಗಿವೆ. ಪುದುಚೇರಿಯನ್ನು ನೋಡಿ. ಅದರ ದಂಡೆ 47.60ರಿಂದ 42.65 ಕಿ.ಮೀ.ಗೆ ಇಳಿದಿದೆ. ಸೂತ್ರಕ್ಕೆ ಹಾಕಿದರೆ 0.96 ಬರುತ್ತದೆ, ಯಾವ ದಂಡೆಗೂ ಇರಲಾಗದ ಆಯಾಮ. ಕೋಲು ಚಿಕ್ಕದಾದಾಗ ಉದ್ದ ಕಡಿಮೆಯಾಗಲು ಸಾಧ್ಯವಿಲ್ಲ. ಅಲ್ಲಿ ಬದಲಾಗಿರುವುದು ಕೋಲು ಮಾತ್ರ ಅಲ್ಲ.